'ಆಯ್ತು' ಅಂದರೆ ಏನಾಯ್ತು?

ಊರು ಬಿಟ್ಟು ಹನ್ನೊಂದು ವರ್ಷವಾಯಿತು. ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಮೇಲಧಿಕಾರಿ ಒಂದು ವರದಿಯ ಬಗ್ಗೆ ಐದು ನಿಮಿಷ ವಿವರಿಸಿದರು. ನಾನು ತಲೆಯಾಡಿಸಿ 'ಆಯ್ತು' ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳಿದೆ. ಅವರು ಏಳಲಿಲ್ಲ. "ಈಗ ನೀವು ಏನು ಮಾಡ್ತೀರಿ, ಒಮ್ಮೆ ಹೇಳಿ" ಅಂದರು. ಚುರುಕ್ ಅಂತು. ಪಾಠ ಒಪ್ಪಿಸೋ ಹುಡುಗನಾ ನಾನು? ಬೇಸರದಲ್ಲೇ ಹೇಳಿದೆ. ಅರ್ಧ ತಪ್ಪಿತ್ತು. ಅವರಿಗೆ ಬೇಕಿದ್ದದ್ದು ಒಂದು ಪುಟದ ಕರಡು. ನಾನು ಪೂರ್ತಿ ವರದಿ ಬರೆಯೋಕೆ ಹೊರಟಿದ್ದೆ.

ನಮ್ಮ 'ಆಯ್ತು'ಗೆ ಎಷ್ಟೊಂದು ಅರ್ಥ! ಕೇಳಿಸಿತು ಅನ್ನೋಕೂ ಆಯ್ತು, ಒಪ್ಪಿದೆ ಅನ್ನೋಕೂ ಆಯ್ತು. ಇನ್ನು ಮಾತು ಸಾಕು ಅನ್ನೋಕೂ ಅದೇ.

ಇಂಥ ಒಂದು ಪದ ಎಷ್ಟು ಅಪಾಯ ಅನ್ನೋದಕ್ಕೆ 1977ರ ಮಾರ್ಚ್ 27 ಸಾಕ್ಷಿ. ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತರು. ಮಂಜು ಕವಿದಿತ್ತು. ಒಂದು ವಿಮಾನ ಅನುಮತಿ ಸಿಗುವ ಮೊದಲೇ ಓಡತೊಡಗಿತ್ತು. 'ಈಗ ಟೇಕಾಫ್‌ನಲ್ಲಿದ್ದೇವೆ' ಎಂಬ ಅದರ ಮಾತಿಗೆ ಕಂಟ್ರೋಲ್ ಟವರ್ 'ಓಕೆ' ಅಂದಿತು. ಅದರ ಬೆನ್ನಲ್ಲೇ 'ಕಾಯಿರಿ, ನಾನೇ ಕರೆಯುತ್ತೇನೆ' ಅಂತಲೂ ಹೇಳಿತು. ಅದೇ ಹೊತ್ತಿಗೆ ಇನ್ನೊಂದು ವಿಮಾನವೂ ರೇಡಿಯೊದಲ್ಲಿ ಮಾತಾಡಿತು. ಎರಡೂ ಮಾತು ಒಂದಕ್ಕೊಂದು ಅಡ್ಡ ಬಂದು, ಓಡತೊಡಗಿದ್ದ ವಿಮಾನಕ್ಕೆ ಸರಿಯಾಗಿ ಕೇಳಿಸಿದ್ದು ಆ ಓಕೆ ಒಂದೇ. ದುರಂತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆಮೇಲೆ ವಿಮಾನಯಾನದ ಮಾತೇ ಬಿಗಿಯಾಯಿತು. ಕೊಟ್ಟ ಅನುಮತಿಯನ್ನು ಪೈಲಟ್ ತಿರುಗಿ ಹೇಳಬೇಕು, ಬರೀ ಓಕೆ ನಡೆಯೋದಿಲ್ಲ.

ಕೇಳಿದವರು ತಮ್ಮ ಮಾತಲ್ಲಿ ತಿರುಗಿ ಹೇಳುವವರೆಗೂ ಮಾತು ಮುಟ್ಟಿದೆ ಅಂತ ನಂಬಬಾರದು. ಇಲ್ಲಿಯವರಿಂದ ನಾನು ಕಲಿತದ್ದು ಇದು. ತಿರುಗಿ ಹೇಳಿ ಅಂತ ಕೇಳೋದರಲ್ಲಿ ಅವಮಾನ ಇಲ್ಲ, ಕಾಳಜಿ ಇದೆ.

ಹಾಗಂತ ನಮ್ಮ ರೀತಿ ಬಿಡೋಕೆ ನನಗೆ ಮನಸ್ಸಿಲ್ಲ. ನಾವು ಹೇಳದೆ ಬಿಟ್ಟದ್ದನ್ನೂ ಕೇಳಿಸಿಕೊಳ್ತೀವಿ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಒಂದು ಅಧ್ಯಯನದ ಪ್ರಕಾರ, ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡೋ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ, ಅಷ್ಟೇ. ಅದಕ್ಕೇ ಸ್ವಲ್ಪ ತಡವಾದರೂ ಏನೋ ಇದೆ ಅನ್ನಿಸೋದು.

ಕಳೆದ ವಾರ ಫೋನಿನಲ್ಲಿ "ಹೇಗಿದ್ದೀಯಮ್ಮ?" ಅಂದೆ. "ಚೆನ್ನಾಗಿದೀನಿ" ಅಂದಳು, ಒಂದು ಗುಟುಕು ತಡವಾಗಿ. ನಾನು ಸುಮ್ನೆ ಕಾದೆ. "ನಿನ್ನೆ ಮೆಟ್ಟಿಲ ಮೇಲೆ ಕಾಲು ಜಾರಿತು ಕಣೋ. ಡಾಕ್ಟರ್ ಮಾತ್ರೆ ಕೊಟ್ಟಿದಾರೆ. ಎಲ್ಲಾ ಹೇಳಿದಾರೆ, ಆಯ್ತು."

"ಏನು ಹೇಳಿದ್ರಮ್ಮ? ನನಗೂ ಒಂದ್ಸಲ ಹೇಳು."

"ಬೆಳಿಗ್ಗೆ ಒಂದು, ರಾತ್ರಿ ಒಂದು..." ಅಂತ ಶುರು ಮಾಡಿ ನಿಲ್ಲಿಸಿದಳು. "ತಡಿ, ಚೀಟಿ ತರ್ತೀನಿ."