ಕುಂಟುವ ಕುದುರೆಯನ್ನು ಕಟ್ಟಿ ಹಾಕುವ ಮೊದಲು ಗೊರಸು ಎತ್ತಿ ನೋಡಿ

ಮದುವೆ ಸೀಸನ್ ಬಂತೆಂದರೆ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಮೆರವಣಿಗೆ ಕುದುರೆ ಇಟ್ಟವರು ಕೇಳೋದು ಒಂದೇ ಮಾತು: "ಮುಂಗಾಲು ಕುಂಟ್ತೈತಿ, ಹದಿನೈದು ದಿನ ಕಟ್ಟಿ ಹಾಕಿದ್ರೆ ಸಾಕಾ, ಡಾಕ್ಟರಿಗೆ ತೋರಿಸ್ಬೇಕಾ?" ನೋವು ಎಲ್ಲಿದೆ ಅಂತ ಗೊತ್ತಾಗದೆ ಇದಕ್ಕೆ ಉತ್ತರ ಇಲ್ಲ. ಕೈಯಲ್ಲಿ ಇರೋ ದುಡ್ಡು ಸ್ವಲ್ಪವೇ ಆದರೆ ಅದನ್ನು ಇಂಜೆಕ್ಷನ್‌ಗೆ ಹಾಕಬೇಡಿ, ಜಾಗ ಪತ್ತೆ ಮಾಡೋಕೆ ಹಾಕಿ.

ಗಟ್ಟಿ, ಸಮ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಕುದುರೆಯನ್ನು ನಿಧಾನವಾಗಿ ಓಡಿಸಿ. ನೋವಿರುವ ಮುಂಗಾಲು ಊರಿದಾಗ ತಲೆ ಮೇಲೇಳುತ್ತೆ, ಒಳ್ಳೆ ಕಾಲು ಊರಿದಾಗ ಕೆಳಗಿಳಿಯುತ್ತೆ. ಕಾಲು ಗೊತ್ತಾದ ಮೇಲೆ ಗೊರಸು ಮುಟ್ಟಿ ನೋಡಿ, ಜೊತೆಯ ಕಾಲಿಗಿಂತ ಬಿಸಿ ಇದೆಯಾ? ಗೊರಸಿನ ಮೇಲಿನ ಗೆಣ್ಣಿನ ಹಿಂಬದಿ, ಎರಡೂ ಪಕ್ಕದಲ್ಲಿ ಬೆರಳಿಟ್ಟು ನಾಡಿ ಹಿಡಿಯಿರಿ. ಸಾಮಾನ್ಯವಾಗಿ ಅಲ್ಲಿ ನಾಡಿ ಸಿಗೋದೇ ಕಷ್ಟ. ಡಬ್ ಡಬ್ ಅಂತ ಬಡಿಯುತ್ತಿದ್ದರೆ ತೊಂದರೆ ಬಹುತೇಕ ಗೊರಸಿನ ಒಳಗೇ ಇದೆ.

ನಿನ್ನೆ ಚೆನ್ನಾಗಿದ್ದ ಕುದುರೆ ಇವತ್ತು ಕಾಲೇ ಊರುತ್ತಿಲ್ಲ ಅಂದರೆ ಎಲ್ಲರೂ ಮೂಳೆ ಮುರಿದಿದೆ ಅಂತ ಹೆದರುತ್ತಾರೆ. ಹೆಚ್ಚಿನ ಸಲ ಅದು ಗೊರಸಿನೊಳಗಿನ ಕೀವು. ಇದಕ್ಕೆ ವಿಶ್ರಾಂತಿ ಕೊಟ್ಟು ಕಾಯೋದು ಬರೀ ಹಿಂಸೆ. ಗೊರಸು ಗಟ್ಟಿ ಪೆಟ್ಟಿಗೆ ಇದ್ದ ಹಾಗೆ, ಕೀವಿಗೆ ಹೊರಗೆ ದಾರಿ ಇಲ್ಲ. ಡಾಕ್ಟರು ಇಕ್ಕಳದಿಂದ ಒತ್ತಿ ಜಾಗ ಹಿಡಿದು, ಸಣ್ಣಗೆ ಕೆತ್ತಿ ದಾರಿ ಮಾಡಿಕೊಟ್ಟರೆ ಒಂದೆರಡು ದಿನದಲ್ಲಿ ಕಾಲು ಊರುತ್ತೆ. ಆಮೇಲೆ ಎಪ್ಸಮ್ ಉಪ್ಪು ಹಾಕಿದ ಬೆಚ್ಚಗಿನ ನೀರಲ್ಲಿ ದಿನಾ 15-20 ನಿಮಿಷ ಗೊರಸು ಅದ್ದಿ, ಒರೆಸಿ, ಹತ್ತಿ ಇಟ್ಟು ಮಣ್ಣು ಹೋಗದಂತೆ ಕಟ್ಟಬೇಕು. ಲಾಳ ಹೊಡೆಸಿದ ಒಂದೆರಡು ದಿನಕ್ಕೇ ಕುಂಟಿದರೆ ಮೊದಲ ಅನುಮಾನ ಮೊಳೆ ಮೇಲೆ. ಲಾಳ ಹೊಡೆದವರನ್ನೇ ಕರೆಸಿ ತೆಗೆಸಿ.

ಛತ್ರದ ಮುಂದೆ ಶಾಮಿಯಾನದ ಮೊಳೆ ಅಂಗಾಲಿಗೆ ಚುಚ್ಚಿ ನಿಂತಿದ್ದರೆ ಡಾಕ್ಟರಿಗೆ ತಕ್ಷಣ ಫೋನ್ ಮಾಡಿ. ಬೇಗ ಬರುವಂತಿದ್ದರೆ ಕೀಳಬೇಡಿ, ಇನ್ನಷ್ಟು ಒಳಗೆ ಹೋಗದಂತೆ ನೋಡಿಕೊಳ್ಳಿ. ಮೊಳೆ ಯಾವ ಕಡೆಗೆ, ಎಷ್ಟು ಆಳ ಹೋಗಿದೆ ಅಂತ ಎಕ್ಸ್‌ರೇಯಲ್ಲಿ ಕಾಣಬೇಕು. ಗೊರಸಿನ ನಡುವಿನ ಮೆತ್ತನೆ ಭಾಗಕ್ಕೆ ಆಳವಾಗಿ ಚುಚ್ಚಿದ ಮೊಳೆ ಕೀಲಿನವರೆಗೂ ಸೋಂಕು ಒಯ್ಯಬಹುದು. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುತ್ತೆ, ಲಸಿಕೆ ಕೇಳಿ ಹಾಕಿಸಿ.

ನಮ್ಮದು ಮೆಕ್ಕೆಜೋಳದ ಜಿಲ್ಲೆ, ಹಾಗಾಗಿ ಇದೊಂದನ್ನು ಒತ್ತಿ ಹೇಳಬೇಕು. ಕುದುರೆ ಕಣಕ್ಕೆ ನುಗ್ಗಿ ಮೆಕ್ಕೆಜೋಳದ ರಾಶಿ ತಿಂದಿದ್ದರೆ ಕುಂಟೋವರೆಗೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ಕಾಳು ಹೊಟ್ಟೆಯಲ್ಲಿ ಅತಿಯಾದರೆ ಗೊರಸಿನ ಒಳಪದರಕ್ಕೆ ಉರಿಯೂತ ಬಂದು, ಮೂಳೆಯನ್ನು ಹಿಡಿದಿಟ್ಟ ಬಂಧವೇ ಸಡಿಲವಾಗುತ್ತೆ. ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿತು ಅಂದರೆ ಆಗಲೇ ತಡವಾಗಿದೆ. ಡಾಕ್ಟರು ಬರೋ ಮೊದಲೇ ಗೊರಸುಗಳನ್ನು ಐಸ್ ನೀರಲ್ಲಿ ಇಡೋಕೆ ಶುರು ಮಾಡಿ, ಒಟ್ಟು 48ರಿಂದ 72 ಗಂಟೆ, ಬಿಡುವಿಲ್ಲದೆ. ನಡೆಸಲೇಬೇಡಿ.

ಇನ್ನು ವಿಶ್ರಾಂತಿಯೇ ಮುಖ್ಯ ಔಷಧಿ ಆಗಿರೋ ಜಾಗ: ಮುಂಗಾಲಿನ ಹಿಂಬದಿಯ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಗಟ್ಟಿ ಪಟ್ಟಿ. ನಮ್ಮಲ್ಲಿ "ನರ ಎಳೆದೈತಿ" ಅನ್ನೋದು ಇದನ್ನೇ. ಮೊದಲ ಕೆಲವು ದಿನ, ದಿನಕ್ಕೆ ಮೂರು ಸಲ 20 ನಿಮಿಷ ತಣ್ಣೀರು ಬಿಟ್ಟು ಬ್ಯಾಂಡೇಜ್ ಕಟ್ಟಿ. ಸ್ಕ್ಯಾನ್ ಮಾಡಿಸೋದಾದರೆ ಒಂದು ವಾರ ಬಿಟ್ಟು, ಆಗ ಹರಿದ ಭಾಗ ಪೂರ್ತಿ ಕಾಣುತ್ತೆ. ಊರಲ್ಲಿ ಸೌಲಭ್ಯ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಗಾಯ ದೊಡ್ಡದಿದ್ದರೆ ವಾಸಿಯಾಗೋಕೆ 9ರಿಂದ 12 ತಿಂಗಳು ಬೇಕು. ಹದಿನೈದು ದಿನದ ಲೆಕ್ಕ ಇಲ್ಲಿ ನಡೆಯಲ್ಲ. ಬರೆ ಹಾಕಿಸೋದನ್ನು ದಯವಿಟ್ಟು ಬಿಡಿ. ಸುಟ್ಟ ಚರ್ಮದಿಂದ ಒಳಗಿನ ಟೆಂಡನ್ ಕೂಡಿಕೊಳ್ಳಲ್ಲ, ಕುದುರೆಗೆ ಎರಡನೇ ನೋವು ಅಷ್ಟೇ.

ನೋವಿನ ಇಂಜೆಕ್ಷನ್ ಕೊಡಿಸಿ ಮರುದಿನ ಮೆರವಣಿಗೆಗೆ ಬಿಡೋದು ಇವೆಲ್ಲಕ್ಕಿಂತ ಕೆಟ್ಟದ್ದು. ನೋವು ಗೊತ್ತಾಗದೆ ಕುದುರೆ ಪೂರ್ತಿ ಭಾರ ಹಾಕುತ್ತೆ, ಅರ್ಧ ಹರಿದದ್ದು ಪೂರ್ತಿ ಹರಿಯುತ್ತೆ. ಎರಡು ಬಗೆಯ ನೋವಿನ ಔಷಧಿ ಒಟ್ಟಿಗೆ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೂ ಪೆಟ್ಟು. ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಅಂತೂ, ಅದು ಬಿದ್ದ ಪ್ರಾಣಿಯ ಹೆಣ ತಿಂದ ರಣಹದ್ದುಗಳ ಸಾವಿಗೆ ಕಾರಣ ಅಂತ ಪ್ರಾಣಿಗಳಿಗೆ 2006ರಲ್ಲೇ ನಿಷೇಧವಾಗಿದೆ. ಮನುಷ್ಯರ ಸೀಸೆಯಿಂದ ಎಳೆದು ಕೊಡೋರನ್ನು ಹತ್ತಿರ ಸೇರಿಸಬೇಡಿ.

ಕಟ್ಟಿ ಹಾಕಿದ ಮೇಲೆ ಮೊದಲಿನಷ್ಟೇ ಹುರುಳಿ, ಬೂಸಾ ಹಾಕೋದು ಇನ್ನೊಂದು ತಪ್ಪು. ಕಾಳು ಕಡಿಮೆ ಮಾಡಿ, ಒಣಹುಲ್ಲು ಹೆಚ್ಚಿಸಿ, ನೀರು ಸದಾ ಮುಂದಿರಲಿ. ಓಡಾಟ ನಿಂತ ಕುದುರೆಗೆ ಮಲ ಕಟ್ಟಿ ಹೊಟ್ಟೆನೋವು ಬೇಗ ಬರುತ್ತೆ. ಕಾಂಕ್ರೀಟ್ ಲಾಯ ಆದರೆ ಭತ್ತದ ಹುಲ್ಲು ದಪ್ಪಗೆ ಹಾಸಿ. ಒಳ್ಳೆ ಕಾಲಿನ ಗೊರಸನ್ನೂ ದಿನಾ ಮುಟ್ಟಿ ನೋಡಿ, ವಾರಗಟ್ಟಲೆ ಇಮ್ಮಡಿ ಭಾರ ಹೊತ್ತು ಅದೂ ಕೆಡಬಹುದು.

ಟೆಂಡನ್ ಪೆಟ್ಟಾದ ಕುದುರೆ ಹೆಚ್ಚಾಗಿ ಕೆಲವೇ ವಾರಕ್ಕೆ ಕುಂಟೋದು ನಿಲ್ಲಿಸುತ್ತೆ. ಮಾಲೀಕರು ಮೋಸ ಹೋಗೋದು ಆಗಲೇ. ಡಾಕ್ಟರು ಸರಿ ಅಂದ ಮೇಲೆ ಹಗ್ಗ ಹಿಡಿದು ದಿನಕ್ಕೆ 5-10 ನಿಮಿಷ ನಡೆಸಿ, ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಹೋಗಿ, ಓಟ ಶುರು ಮಾಡೋ ಮೊದಲು ಮತ್ತೆ ಸ್ಕ್ಯಾನ್ ಮಾಡಿಸಿ. ಪೂರ್ತಿ ವಾಸಿಯಾದರೂ ಡಿಜೆ ಮುಂದೆ ಕುಣಿಸುವ ಕೆಲಸಕ್ಕೆ ಅದನ್ನು ಹಚ್ಚಬೇಡಿ. ಹಿಂಗಾಲ ಮೇಲೆ ಎದ್ದು ನಿಂತು ಕಾಂಕ್ರೀಟ್ ರಸ್ತೆಗೆ ಮುಂಗಾಲು ಅಪ್ಪಳಿಸುವಾಗ, ಕೂಡಿಕೊಂಡ ಆ ಜಾಗದ ಮೇಲೆಯೇ ಭಾರ ಬೀಳೋದು.