"ಗ್ಯಾನ ಎಲ್ಲಿರುತ್ತೆ ನಿಂಗೆ?"

ಈ ಮಾತು ಕೇಳಿಕೊಂಡೇ ಬೆಳೆದವಳು ನಾನು. ಚಿಕ್ಕಮಗಳೂರಿನ ನಮ್ಮ ಅಡುಗೆಮನೆಯಲ್ಲಿ ಒಲೆ ಮುಂದೆಯೇ ನಿಂತಿರುತ್ತಿದ್ದೆ. ಕಿಟಕಿಯಾಚೆ ಮಳೆ. ಹಾಲು ಉಕ್ಕಿ, ಸೀದ ವಾಸನೆ ಬಂದ ಮೇಲೇ ಎಚ್ಚರ. ಶಾಲೆಯಲ್ಲಿ ಗಲಾಟೆ ಮಾಡಿದವಳಲ್ಲ. ಸುಮ್ನೆ ಕೂತಿರುತ್ತಿದ್ದೆ, ಪಾಠ ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ಮನಿರುವ ಹುಡುಗಿಯನ್ನು ಯಾರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ?

ಇದು ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಕೆಲವರಲ್ಲಿ ಚಡಪಡಿಕೆಯೂ ಇರುವ ಸಮಸ್ಯೆ ಅಂತ ಗೊತ್ತಾಗಿದ್ದು 36ನೇ ವಯಸ್ಸಿನಲ್ಲಿ, ಮಗಳನ್ನು ತೋರಿಸಲು ಹೋದಾಗ. ಇದು ವಂಶದಲ್ಲಿ ಹರಿದು ಬರುವುದು ಜಾಸ್ತಿ. ಮನಸ್ಸಿನ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ನೋಡುವ ಡಿಎಸ್‌ಎಂ ಕೈಪಿಡಿಯಲ್ಲಿ ಮೊದಲು 7 ವರ್ಷದೊಳಗೇ ಲಕ್ಷಣ ಕಂಡಿರಬೇಕು ಅಂತಿತ್ತು. 2013ರಲ್ಲಿ ಅದನ್ನು 12 ಮಾಡಿದರು. ಆಗ ನನ್ನ ಶಾಲೆ ಮುಗಿದು ಎಷ್ಟೋ ವರ್ಷವಾಗಿತ್ತು.

ಮಾತ್ರೆಯಿಂದ ಗಮನ ಸ್ವಲ್ಪ ಒಂದು ಕಡೆ ನಿಂತಿತು. ಆದರೆ ಮೂವತ್ತು ವರ್ಷ ಕೇಳಿದ ಬೈಗುಳ ಮಾತ್ರೆಗೆ ಹೋಗಲ್ಲ. ಅದಕ್ಕೇ ಮಾತಿನ ಚಿಕಿತ್ಸೆ ಬೇಕು ಅನ್ನುತ್ತೇನೆ.

ಎರಡನೇ ಸಲ ಹೋದಾಗ "ನಾನು ಸೋಮಾರಿ ಮೇಡಂ" ಅಂದೆ. ಕೌನ್ಸೆಲರ್ ಪೆನ್ನು ಕೆಳಗಿಟ್ಟರು. "ಸೋಮಾರಿಗೆ ಕೆಲಸ ಮಾಡುವ ಆಸೆಯೇ ಇರಲ್ಲ. ನೀವು ಆಗಲಿಲ್ಲ ಅಂತ ರಾತ್ರಿಯೆಲ್ಲ ಅತ್ತಿದ್ದೀರಿ. ಎರಡೂ ಒಂದೇನಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಳು ಬಂತು.

ಬರೀ ಕಷ್ಟ ಹೇಳಿಕೊಳ್ಳುವುದಲ್ಲ ಇದು. ಸಿಬಿಟಿ ಅನ್ನುತ್ತಾರೆ. ನಮ್ಮ ಬಗ್ಗೆ ನಾವು ಅಂದುಕೊಂಡಿದ್ದು ನಿಜವಾ ಅಂತ ಒರೆಗೆ ಹಚ್ಚುವುದು ಒಂದು ಕಡೆ, ದಿನದ ಕೆಲಸಕ್ಕೆ ದಾರಿ ಹುಡುಕುವುದು ಇನ್ನೊಂದು ಕಡೆ. ನನ್ನ ನೋಟ್‌ಬುಕ್ಕಿನಲ್ಲಿ ಈಗ "ಬ್ಯಾಂಕ್ ಕೆಲಸ" ಅಂತ ಇರಲ್ಲ, "ಪಾಸ್‌ಬುಕ್ ಬ್ಯಾಗಿಗೆ ಹಾಕು" ಅಂತಿರುತ್ತದೆ. ಅಷ್ಟು ಚಿಕ್ಕದಾದರೆ ಕೈ ಏಳುತ್ತದೆ. ಎಡಿಎಚ್‌ಡಿ ಹೋಗಿಬಿಡಲ್ಲ, ಬದುಕು ಹಗುರಾಗುತ್ತದೆ.

ನನ್ನ ಸಿಟ್ಟು ಒಂದೇ. ಇದಕ್ಕಾಗಿ ಮಲೆನಾಡಿನ ಹೆಣ್ಣುಮಕ್ಕಳು ಬೆಂಗಳೂರಿನ ಬಸ್ಸು ಹತ್ತಬೇಕಾ? "ಗ್ಯಾನ ಇಲ್ಲ" ಅಂತ ಬೈಸಿಕೊಂಡ ನೋವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಕನ್ನಡದಲ್ಲಿ ಸಿಗಬೇಕು. ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿನಲ್ಲೇ ಎಲ್ಲ ಮುಗಿಯಲ್ಲ, ಆದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಕೇಳಬಹುದು.

ಮೂಡಿಗೆರೆ, ಕೊಪ್ಪ ಕಡೆಯ ಯಾವುದೋ ತೋಟದ ಮನೆಯಲ್ಲಿ ಕೂತು ಇದನ್ನು ಓದಿ, ಇದು ನನ್ನದೇ ಕಥೆ ಅನ್ನಿಸಿದವರು ಇನ್‌ಬಾಕ್ಸಿಗೆ ಬನ್ನಿ. ಮೊದಲ ಸಲ ಡಾಕ್ಟರ ಹತ್ತಿರ ಹೋಗಲು ಭಯವಾದರೆ ಜೊತೆಗೆ ನಾನು ಬರುತ್ತೇನೆ.