ಒಡದಿಲ್ಲ, ಗಳಿಸ್ಯಾವ!

ಬೀಜಿಂಗಿನಲ್ಲಿ ನೆರೆಮನೆಯ ಹೆಂಗಸರನ್ನು ‘ಆಯಿ’ ಅನ್ನಬೇಕು. ಅಲ್ಲಿ ಅದು ಆಂಟಿ ಇದ್ದ ಹಾಗೆ. ಧಾರವಾಡದವನಾದ ನನಗೆ ಆಯಿ ಎಂದರೆ ಅಜ್ಜಿ. ಹಾಗಾಗಿ ಪಕ್ಕದ ಮನೆಯ ಆಯಿ, ‘ಹೊಸವರ್ಷದ ಹಿಂದಿನ ರಾತ್ರಿ ಜಿಯಾವ್‌ಜ ಮಾಡಲೇಬೇಕು’ ಎಂದಾಗ ಮೊಮ್ಮಗನಂತೆ ತಲೆಯಾಡಿಸಿಬಿಟ್ಟೆ.

“ಕಣಕದಾಗ ಹೂರಣ ತುಂಬಿ ಕುದಿಯೋ ನೀರಿಗೆ ಬಿಡೂದು. ನಮ್ಮ ಕಡಬs ಬಿಡು, ಬೆಲ್ಲ ಇಲ್ಲ ಅಷ್ಟs,” ಎಂದೆ. ಹೆಂಡತಿ ನನ್ನನ್ನೊಮ್ಮೆ ನೋಡಿ, ಫೋನ್ ಹಿಡಿದು ಸೋಫಾಕ್ಕೆ ಹೋದಳು.

ಮಾಂಸ ನಮಗೆ ಆಗದು. ಎಲೆಕೋಸು, ತೋಫು, ಅಣಬೆ, ಶುಂಠಿ ಎಂದು ತೀರ್ಮಾನವಾಯಿತು. ಎಲೆಕೋಸಿಗೆ ಉಪ್ಪು ಹಾಕಿಟ್ಟು ನೀರನ್ನೆಲ್ಲ ಹಿಂಡಬೇಕೆಂದು ಆಯಿ ಹೇಳಿದ್ದರಂತೆ. ಅವರ ಬಿರುಸಿನ ಚೀನೀಯಲ್ಲಿ ನನಗೆ ದಕ್ಕಿದ್ದು ‘ಉಪ್ಪು’ ಮಾತ್ರ.

ಲಟ್ಟಣಿಗೆಯೋ, ಗೇಣುದ್ದದ ಕೋಲು. ಎಡಗೈ ಹಾಳೆಯನ್ನು ತಿರುಗಿಸುತ್ತಿರಬೇಕು, ಬಲಗೈ ಅಂಚನ್ನಷ್ಟೇ ಒತ್ತಬೇಕು. ನಡುವೆ ದಪ್ಪ, ಸುತ್ತ ತೆಳು ಆಗಬೇಕು. ನನ್ನವು ಸರಿಯಾಗಿ ತಿರುಗುಮುರುಗು. ಹಳೇ ಕಾಲದ ಬೆಳ್ಳಿಗಟ್ಟಿಯ ಆಕಾರದಲ್ಲಿ ಜಿಯಾವ್‌ಜ ಠೀವಿಯಿಂದ ಕೂತರೆ ಮನೆಗೆ ಸಂಪತ್ತಂತೆ. ನನ್ನವು ಕೂರಲಿಲ್ಲ, ಮಲಗಿದವು. ಹೂರಣ ನೀರು ಬಿಟ್ಟು ಕಣಕ ನೆನೆದು ತಟ್ಟೆಗೆ ಅಂಟಿಕೊಂಡಿತು. ಎತ್ತಿದರೆ ಮೈ ಕೈಗೆ ಬಂತು, ತಳ ತಟ್ಟೆಯಲ್ಲೇ ಉಳಿಯಿತು. ಒಂದರೊಳಗೆ ಮಾತ್ರ ಶಾಸ್ತ್ರಕ್ಕೆಂದು ತೊಳೆದ ನಾಣ್ಯ ಇಟ್ಟಿದ್ದೆ. ತಿನ್ನುವಾಗ ಸಿಕ್ಕವರಿಗೆ ವರ್ಷವಿಡೀ ಅದೃಷ್ಟ.

ನೀರು ಕುದಿ ಬಂದಾಗಲೆಲ್ಲ ಒಂದಿಷ್ಟು ತಣ್ಣೀರು, ಹೀಗೆ 3 ಸಲ ಹಾಕಬೇಕು. ಮೊದಲ ಸಲಕ್ಕೇ ಎಲೆಕೋಸು ಹೊರಬಂದು ಈಜತೊಡಗಿತು. ಎರಡನೆಯದಕ್ಕೆ ತೋಫುವೂ ಇಳಿಯಿತು. ಮೂರನೆಯದನ್ನು ನಾನು ಹಾಕಲಿಲ್ಲ.

ಅಷ್ಟರಲ್ಲಿ ಆಯಿ ಕಪ್ಪು ವಿನೆಗರ್ ಬಾಟಲಿ ಹಿಡಿದು ಬಂದರು. “ಎಲ್ಲಾ ಒಡೆದುಹೋದವು,” ಅಂದೆ. ಅವರು ಗಾಬರಿಯಿಂದ ಕೈಯಾಡಿಸಿ, “ಝಂಗ್‌ಲ! ಝಂಗ್‌ಲ!” ಎಂದರು. ಹಬ್ಬದ ದಿನ ಜಿಯಾವ್‌ಜ ‘ಒಡೆಯಿತು’ ಅನ್ನಬಾರದಂತೆ, ‘ಗಳಿಸಿತು’ ಅನ್ನಬೇಕಂತೆ. ನಮ್ಮಲ್ಲಿ ಬಳೆ ಒಡೆದರೆ ‘ಹೆಚ್ಚಿತು’ ಅನ್ನುವುದಿಲ್ಲವೇ, ಹಾಗೆ.

ಹೆಂಡತಿ ಪಾತ್ರೆಯೊಳಗೆ ಇಣುಕಿದಳು. “ಹಂಗಾರ ನಲವತ್ತಕ್ಕ ನಲವತ್ತೂ ಗಳಿಸ್ಯಾವ ನೋಡ್ರಿ.”

ಮೂವರೂ ಅದನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ವಿನೆಗರ್ ಹಾಕಿ, ಸಾರಿನಂತೆ ಸುರಿದೆವು. ರುಚಿಗೇನೂ ಕೊರತೆ ಇರಲಿಲ್ಲ, ನಿಜ ಹೇಳುತ್ತೇನೆ. ನಾಣ್ಯ ಮಾತ್ರ ಯಾರಿಗೂ ಸಿಗಲಿಲ್ಲ.

ರಾತ್ರಿ ಪಾತ್ರೆ ತಿಕ್ಕುವಾಗ ತಳದಲ್ಲಿ ಠಣ್ ಎಂದಿತು.

“ಸಿಕ್ತೇನ್ರಿ? ಅದೃಷ್ಟ ನಿಮ್ದs ಬಿಡ್ರಿ,” ಸೋಫಾದಿಂದ ದನಿ ಬಂತು. “ಹಂಗs ಆ ಅಂಟಿದ ತಟ್ಟೀನೂ ತೊಳದ್ಬಿಡ್ರಿ.”